ಮೋನಾ ರುದಾವೊ ಯಾರವನು?

ತೈವಾನಿನ ಜನ ಚೀನೀಯರೋ, ತೈವಾನೀಯರೋ? ಚೀನೀಯರೇ ಅನ್ನುತ್ತೆ ಬೀಜಿಂಗ್. ದ್ವೀಪದೊಳಗೆ ಮಾತು ಎರಡಾಗಿದೆ. ಈ ಗದ್ದಲದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಕೇಳಿದವರು ಯಾರು? ನಾವು ಚರಿತ್ರೆಯನ್ನು ಅವರ ಬೆಟ್ಟದಿಂದ ಓದಬೇಕಾಗಿದೆ.

1895ರಲ್ಲಿ ಚೀನಾದ ದೊರೆಗಳು ತೈವಾನನ್ನು ಜಪಾನಿಗೆ ಬರೆದುಕೊಟ್ಟರು. ಜಪಾನಿ ಪೊಲೀಸರು ಬೆಟ್ಟದ ಜನರನ್ನು ಮರ ಹೊರುವ ಕೂಲಿಗೆ ಹಚ್ಚಿದರು. 1930ರ ಅಕ್ಟೋಬರ್ 27ರಂದು ವುಶೆಯಲ್ಲಿ ಸೀಡಿಕ್ ಜನರ ನಾಯಕ ಮೋನಾ ರುದಾವೊ ತಿರುಗಿಬಿದ್ದ. 134 ಜಪಾನೀಯರು ಸತ್ತರು. ಸರ್ಕಾರ ವಿಮಾನ, ಫಿರಂಗಿ ತಂದು ಬಂಡಾಯವನ್ನು ಹೊಸಕಿಹಾಕಿತು. ಮೋನಾ ಕಾಡಿನಲ್ಲೇ ಪ್ರಾಣಬಿಟ್ಟ. ಅವನ ಎಲುಬುಗಳು ತೈಪೆಯ ವಿಶ್ವವಿದ್ಯಾಲಯ ಸೇರಿದವು, ಸಂಗ್ರಹದ ಸಾಮಾನಾಗಿ!

1945ರಲ್ಲಿ ಜಪಾನ್ ಹೋಯ್ತು, ಕುವೊಮಿಂಟಾಂಗ್ ಬಂತು. ಬೆಟ್ಟದವರಿಗೆ ಚೀನೀ ಹೆಸರು ಬರೆಸಿತು. ಸತ್ತ ಮೋನಾನನ್ನೂ ಬಿಡಲಿಲ್ಲ. ಜಪಾನನ್ನು ಎದುರಿಸಿದ ಚೀನೀ ದೇಶಭಕ್ತ ಅಂತ ಹೊಗಳಿತು. 1973ರಲ್ಲಿ ಅವನ ಎಲುಬುಗಳು ವುಶೆಯ ಮಣ್ಣು ಸೇರಿದವು. 2001ರಲ್ಲಿ ಅವನ ಮುಖ ತೈವಾನಿನ 20 ಡಾಲರ್ ನಾಣ್ಯದ ಮೇಲೆ ಬಂತು.

ಅವನ ಜನರ ಗತಿ? ಸ್ವಂತ ಹೆಸರು ಬರೆಸುವ ಹಕ್ಕು ಮೂಲನಿವಾಸಿಗಳಿಗೆ ಸಿಕ್ಕಿದ್ದು 1995ರಲ್ಲಿ. ಸೀಡಿಕ್ ಅನ್ನೋ ಹೆಸರು ಸರ್ಕಾರಿ ಪಟ್ಟಿಗೆ ಬಂದದ್ದು 2008ರಲ್ಲಿ. ಅಲ್ಲೀತನಕ ಅವರನ್ನು ಅತಾಯಲ್ ಎಂಬ ಬೇರೆ ಜನರ ಲೆಕ್ಕಕ್ಕೆ ಸೇರಿಸಿದ್ದರು. ನಾಯಕ ನಾಣ್ಯದ ಮೇಲಿದ್ದಾನೆ, ಅವನ ಜನರಿಗೆ ಹೆಸರೇ ಇಲ್ಲ!

ಮೋನಾ ಕತ್ತಿ ಹಿಡಿದದ್ದು ಚೀನಾಕ್ಕಾಗಿ ಅಲ್ಲ, ತೈವಾನ್ ಎಂಬ ರಾಷ್ಟ್ರಕ್ಕಾಗಿಯೂ ಅಲ್ಲ. ತನ್ನ ಬೆಟ್ಟಕ್ಕಾಗಿ, ತನ್ನವರ ಮಾನಕ್ಕಾಗಿ. ನಮ್ಮ ಹೆಸರನ್ನು ಇನ್ನೊಬ್ಬ ಬರೆದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.