ಪರಸ್ಥಳದ ಜೂಜುಕಟ್ಟೆ

ಗೌರಿಬಿದನೂರು ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥ ಕ್ಷೇತ್ರವನ್ನು ಅರಿಯದವರು ಈ ಪ್ರಾಂತದಲ್ಲಿ ವಿರಳ. ೧೯೩೮ನೆಯ ಇಸವಿ ಏಪ್ರಿಲ್ ೨೫ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಅಲ್ಲಿ ನಡೆದ ಗೋಲಿಬಾರಿನಿಂದ ಆ ಹೆಸರು ದೇಶದಲ್ಲೆಲ್ಲ ಹಬ್ಬಿತು. ಅದಕ್ಕೂ ಬಹು ಹಿಂದಿನಿಂದ ಆ ಊರಿನ ಪ್ರಸಿದ್ಧಿಗೆ ಕಾರಣವಾಗಿದ್ದುದು ಒಂದು ಅರಳಿಯ ಮರ. ಅದನ್ನು ನೆಟ್ಟವನು ಭಾರತದ ವಿದುರನೆಂದು ಸ್ಥಳಪುರಾಣವು ಹೇಳುತ್ತದೆ. ಆ ವೃದ್ಧವೃಕ್ಷವು ೨೦೦೧ರಲ್ಲಿ ಬಿದ್ದುಹೋಯಿತು. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನೋ ಪಾಂಡವರು ಬ್ರಾಹ್ಮಣವೇಷದಿಂದ ತಂಗಿದ್ದ ಏಕಚಕ್ರಪುರವೆಂದು ಜನರು ನಂಬಿರುವರು. ಹೀಗೆ ಈ ಸೀಮೆಯ ಎರಡು ಮೂಲೆಗಳಿಗೂ ಭಾರತದ ಕಥೆಯ ನಂಟು ಅಂಟಿಕೊಂಡಿದೆ. ಆ ಕಥೆಯ ನಡುಗಂಬವಾದರೋ ಒಂದು ಜೂಜಾಟ.

ಹಸ್ತಿನಾವತಿಯ ದ್ಯೂತಕ್ಕೆ ಧರ್ಮರಾಯನನ್ನು ಕರೆಯಲು ಹೋದ ದೂತನು ಈ ವಿದುರನೇ ಎಂಬುದನ್ನು ಅನೇಕರು ಮರೆಯುತ್ತಾರೆ. ಅಣ್ಣನ ಆಜ್ಞೆಯನ್ನು ಮೀರಲಾರದೆ ಅವನು ಹೋದನು. ಹೋದಲ್ಲಿ ಜೂಜು ಅನರ್ಥಮೂಲವೆಂದು ತಾನು ಬಲ್ಲೆನೆಂತಲೂ, ತಡೆಯಲೆತ್ನಿಸಿ ಸೋತೆನೆಂತಲೂ ಮುಚ್ಚುಮರೆಯಿಲ್ಲದೆ ಹೇಳಿದನು. ಆಗ ಯುಧಿಷ್ಠಿರನು ಕೇಳಿದ ಪ್ರಶ್ನೆಯು ಬಹಳ ಸ್ವಾರಸ್ಯವಾದುದು. ಧೃತರಾಷ್ಟ್ರನ ಮಕ್ಕಳಲ್ಲದೆ ಬೇರೆ ಯಾವ ಯಾವ ಜೂಜುಗಾರರು ಅಲ್ಲಿ ಕಲೆತಿರುವರು ಎಂದು ಅವನು ವಿಚಾರಿಸಿದನು. ಶಕುನಿ, ವಿವಿಂಶತಿ, ಚಿತ್ರಸೇನ, ಸತ್ಯವ್ರತ, ಪುರುಮಿತ್ರ, ಜಯ ಎಂದು ವಿದುರನು ಹೆಸರು ಹಿಡಿದು ಎಣಿಸಿದನು. ಅವರು ಮಹಾಕಪಟಿಗಳೆಂಬುದು ಧರ್ಮರಾಯನಿಗೆ ತಿಳಿಯದೆಯೂ ಇರಲಿಲ್ಲ. ಆದರೂ, ಕರೆದರೆ ಹಿಂಜರಿಯುವುದಿಲ್ಲವೆಂಬ ವ್ರತದ ನೆಪದಿಂದ ಹೊರಟನು. ಸಭೆಯಲ್ಲಿ ಒಬ್ಬನ ಬದಲು ಇನ್ನೊಬ್ಬನು ಆಡುವುದು ವಿಷಮವಾದ ಆಟವೆಂದು ಆಕ್ಷೇಪಿಸಿ, ಆಕ್ಷೇಪಿಸಿದ ಮೇಲೆಯೂ ಕುಳಿತು ಆಡಿದನು. ಪರವೂರಿಗೆ ಹೋದ ಜೂಜುಗಾರನು ಆಟದ ಕಟ್ಟಳೆ ತನಗೆ ಅನುಕೂಲವೋ ಪ್ರತಿಕೂಲವೋ ಎಂದು ವಿಚಾರಿಸಿದ ಪ್ರಾಚೀನ ನಿದರ್ಶನಗಳಲ್ಲಿ ಇದೊಂದು. ಉತ್ತರವನ್ನು ಕೇಳಿಯೂ ಕಿವಿಗೆ ಹಾಕಿಕೊಳ್ಳದ ನಿದರ್ಶನವೂ ಅಹುದು.

ವನವಾಸದಲ್ಲಿ ಅವನಿಗೆ ಬೃಹದಶ್ವ ಮುನಿಯು ನಳನ ಕಥೆಯನ್ನು ಹೇಳುತ್ತಾನೆ. ಕನಕದಾಸರ ನಳಚರಿತ್ರೆಯ ಮೂಲಕ ಆ ಕಥೆಯು ಕನ್ನಡ ಮನೆಗಳಿಗೆಲ್ಲ ಪರಿಚಿತವಾಗಿದೆ. ರಾಜ್ಯವನ್ನು ಪಗಡೆಯಲ್ಲಿ ಕಳೆದುಕೊಂಡ ನಳನು ಬಾಹುಕನಾಗಿ ಅಯೋಧ್ಯೆಯ ಋತುಪರ್ಣನ ರಥವನ್ನು ನಡೆಸುತ್ತಿರುವಾಗ, ಆ ಅರಸನು ದಾರಿಯ ತಾರೆಮರವೊಂದನ್ನು ನೋಡಿ ಎರಡು ಕೊಂಬೆಗಳ ಎಲೆಕಾಯಿಗಳ ಸಂಖ್ಯೆಯನ್ನು ನಿಂತಲ್ಲಿಯೇ ಹೇಳಿದನು. ನಳನು ಇಳಿದು ಎಣಿಸಲು ಲೆಕ್ಕವು ಸರಿಬಂದಿತು. ಈ ಸಂಖ್ಯಾವಿದ್ಯೆಯನ್ನೂ ಅಕ್ಷಹೃದಯವನ್ನೂ ಒಂದೇ ವಿದ್ಯೆಯ ಎರಡು ಮುಖಗಳೆಂಬಂತೆ ಕವಿಯು ಜೋಡಿಸಿರುವುದು ಗಮನಾರ್ಹ. ವೇದಕಾಲದ ಜೂಜಿನ ಕಾಯಿಗಳು ಈ ತಾರೆಕಾಯಿಗಳೇ. ರಾಶಿಯಿಂದ ಹಿಡಿದೆತ್ತಿದ ಕಾಯಿಗಳು ಎಷ್ಟೆಂಬುದರ ಮೇಲೆ ಸೋಲುಗೆಲುವು ನಿಂತಿತ್ತೆಂದು ವಿದ್ವಾಂಸರು ಊಹಿಸಿರುವರು. ಹಾಗಾದರೆ ಕಣ್ಣಳತೆಯ ಎಣಿಕೆಯೇ ಆಟದ ಹೃದಯವಾಗಿದ್ದುದು ಸಹಜವೇ ಸರಿ. ಬೃಹದಶ್ವನು ಅದೇ ವಿದ್ಯೆಯನ್ನು ಯುಧಿಷ್ಠಿರನಿಗೂ ಉಪದೇಶಿಸಿದನು. ಅನಂತರ ಅವನು ಕಂಕನೆಂಬ ಹೆಸರಿನಿಂದ ವಿರಾಟನ ಓಲಗವನ್ನು ಸೇರಿ, ಗೆದ್ದ ಹಣವನ್ನು ಅರಸನಿಗೆ ಅರಿವಾಗದಂತೆ ತಮ್ಮಂದಿರಿಗೆ ಹಂಚುತ್ತಿದ್ದನು. ಧರ್ಮರಾಯನ ಚರಿತ್ರೆಯಲ್ಲಿ ಈ ಭಾಗವನ್ನು ಪುರಾಣಿಕರು ಸಾಮಾನ್ಯವಾಗಿ ತೇಲಿಸಿಬಿಡುವರು.

ಕಾವ್ಯವು ಅಂತಿರಲಿ, ರಾಜ್ಯಶಾಸ್ತ್ರವು ಏನು ಹೇಳುವುದೆಂಬುದನ್ನು ನೋಡಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯುಂಟು. ಜೂಜು ಒಂದೇ ಕಡೆ ನಡೆಯತಕ್ಕದ್ದು. ಬೇರೆಡೆ ಆಡಿದವನಿಗೆ ೧೨ ಪಣ ದಂಡ. ಗುಪ್ತವಾಗಿ ಹೊಟ್ಟೆಹೊರೆಯುವವರನ್ನು ಪತ್ತೆಹಚ್ಚುವುದಕ್ಕಾಗಿಯೇ ಈ ಏರ್ಪಾಡು. ಕವಡೆಗಳನ್ನೂ ದಾಳಗಳನ್ನೂ ಅಧ್ಯಕ್ಷನೇ ಒದಗಿಸುವನು. ಅವುಗಳನ್ನು ಬದಲಿಸಿದವನಿಗೆ ಮತ್ತೆ ೧೨ ಪಣ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ಐದನ್ನೂ, ಸಾಮಗ್ರಿಗಳ ಬಾಡಿಗೆಯನ್ನೂ, ನೀರು ನೆಲಗಳ ಶುಲ್ಕವನ್ನೂ ಅವನು ವಸೂಲುಮಾಡುವನು. ಹೊಸ ಊರಿಗೆ ಬಂದ ಸಾರ್ಥವಾಹನೊಬ್ಬನು ಜೂಜಾಡಬಯಸಿದರೆ ದಾಳವು ನೆಟ್ಟಗಿರುವುದೋ, ಕಟ್ಟೆಯ ಪಾಲು ಎಷ್ಟೋ ಎಂದು ಅವರಿವರನ್ನು ಕೇಳಬೇಕಾದುದೇ ಇರಲಿಲ್ಲ. ಎಲ್ಲವೂ ಮೊದಲೇ ಗೊತ್ತು.

ಅದೇ ಅಧ್ಯಾಯದಲ್ಲಿ ಒಂದು ಸಣ್ಣ ವಾದವಿದೆ. ಜೂಜಿನ ವ್ಯಾಜ್ಯದಲ್ಲಿ ಗೆದ್ದವನಿಗೆ ಕಡಿಮೆ ದಂಡವನ್ನೂ, ಸೋಲನ್ನು ಸಹಿಸಲಾರದೆ ದೂರುವ ಸೋತವನಿಗೆ ಹೆಚ್ಚು ದಂಡವನ್ನೂ ವಿಧಿಸಬೇಕೆಂದು ಹಿಂದಿನ ಆಚಾರ್ಯರ ಮತ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ಸೋತವನಿಗೆ ದಂಡವನ್ನು ಇಮ್ಮಡಿಮಾಡಿದರೆ ಯಾರೊಬ್ಬರೂ ಅರಸನ ಬಳಿಗೆ ಬರಲಾರರು. ಜೂಜುಗಾರರಾದರೋ ಪ್ರಾಯಶಃ ಮೋಸದಿಂದಲೇ ಆಡತಕ್ಕವರು ಎಂಬುದು ಅವನ ಉತ್ತರ. ಇಡೀ ಪ್ರಕರಣದಲ್ಲಿ ಇಷ್ಟು ಬೆಲೆಯುಳ್ಳ ಮಾತು ಮತ್ತೊಂದಿಲ್ಲ.

ಕನ್ನಡನಾಡಿನ ಮಟ್ಟಿಗೆ ಈ ವಿಷಯದ ಪ್ರಮಾಣಗ್ರಂಥವೆಂದರೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆ. ಮನುವು ಜೂಜನ್ನು ರಾಜ್ಯದಿಂದಲೇ ಅಟ್ಟಬೇಕೆಂದವನು. ಯಾಜ್ಞವಲ್ಕ್ಯನು ಹಾಗಲ್ಲ, ಕಳ್ಳರನ್ನು ಗುರುತಿಸಲು ಅನುಕೂಲವಾಗುವಂತೆ ಅದನ್ನು ಏಕಮುಖವಾಗಿ ನಡೆಯಿಸಬೇಕೆನ್ನುವನು. ಸಭಿಕನೆಂಬ ಕಟ್ಟೆಯ ಯಜಮಾನನು ನೂರು ಅಥವಾ ಹೆಚ್ಚು ಗೆದ್ದವನಿಂದ ಶೇಕಡಾ ಐದನ್ನೂ ಉಳಿದವರಿಂದ ಹತ್ತನ್ನೂ ಪಡೆದು, ಅರಸನ ಪಾಲನ್ನು ಅರಸನಿಗೆ ಸಲ್ಲಿಸಿ, ಸೋತವನಿಂದ ಹಣವನ್ನು ಹೊರಡಿಸಿ ಗೆದ್ದವನಿಗೆ ಕೊಡಿಸತಕ್ಕದ್ದು. ಕೂಟಾಕ್ಷದಿಂದ ಆಡಿದವನಿಗೆ ಬರೆಯೆಳೆದು ಗಡೀಪಾರು. ಈ ಎರಡು ಸ್ಮೃತಿಗಳ ವಿರೋಧವನ್ನು ವಿಜ್ಞಾನೇಶ್ವರನು ಬಿಡಿಸಿರುವ ರೀತಿಯು ನ್ಯಾಯವಾದಿಗೆ ತಕ್ಕುದಾಗಿದೆ: ಮನುವಿನ ನಿಷೇಧವು ಮೋಸದ ದಾಳದ ಆಟಕ್ಕೂ, ರಾಜನ ಅಧ್ಯಕ್ಷನೂ ಸಭಿಕನೂ ಇಲ್ಲದ ಆಟಕ್ಕೂ ಮಾತ್ರ ಸಲ್ಲುವುದಂತೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಈ ಏಕಮುಖದ ತತ್ತ್ವವು ಹೊಸತಲ್ಲ. ೧೯೫೯ರ ಶಾಸನದ ಮೇರೆಗೆ ಗೂಡಿನ ವ್ಯಾಪಾರವು ಸರ್ಕಾರದ ಮಾರುಕಟ್ಟೆಯ ಹರಾಜಿನಲ್ಲಿ ನಡೆಯಬೇಕಾದುದೂ, ಎಲ್ಲರೆದುರಿಗೆ ತೂಗಬೇಕಾದುದೂ ಇದೇ ಬುದ್ಧಿಯಿಂದ.

ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ದಾಳ, ಕವಡೆ, ಕೋಳಿಯಂಕಗಳನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದ ಎಲೆಗಳಿಂದ ಹಲವು ಹೊಸ ಆಟಗಳನ್ನು ಕಲ್ಪಿಸಿ ಶ್ರೀತತ್ತ್ವನಿಧಿಯಲ್ಲಿ ವಿವರಿಸಿರುವರು. ಆದರೆ ಅವು ಅರಮನೆಯ ವಿನೋದಗಳು, ಬೀದಿಗೆ ಇಳಿದಂತೆ ತೋರುವುದಿಲ್ಲ.

ಬೀದಿಗೆ ಬಂದುದು ಇಸ್ಪೀಟು. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಆಜುಬಾಜಿನಲ್ಲಿ ಊರೂರ ಅರಳಿಕಟ್ಟೆಗಳಲ್ಲಿಯೂ ತೋಪುಗಳಲ್ಲಿಯೂ ಎಲೆ ಹಾಕುವ ವಾಡಿಕೆಯು ಎಲ್ಲರಿಗೂ ತಿಳಿದುದೇ. ಅಲ್ಲಿ ಮೆರೆಯುವ ಆಟ ಅಂದರ್ ಬಾಹರ್. ಕನ್ನಡದಲ್ಲಿ ಒಳಗೆ ಹೊರಗೆ. ತೆಲುಗು ಬೆರೆತ ಚಿಂತಾಮಣಿ, ಬಾಗೇಪಲ್ಲಿಗಳ ಕಡೆ ಲೋಪಲ ಬಯಟ. ನಡುವೆ ಒಂದೆಲೆಯನ್ನು ತೆರೆದಿಟ್ಟು, ಅದರ ಜೊತೆಯೆಲೆಯು ಒಳಗೆ ಬೀಳುವುದೋ ಹೊರಗೋ ಎಂದು ಪಣವಿಟ್ಟು, ಎರಡು ಕಡೆಗೂ ಒಂದೊಂದಾಗಿ ಎಲೆ ಹಾಕುತ್ತ ಹೋಗುವುದು. ಮಕ್ಕಳಾಟದಂತೆ ಸರಿಸಮವೆಂದು ಕಾಣುತ್ತದೆ. ಲೆಕ್ಕ ಬೇರೆ. ಉಳಿದ ೫೧ ಎಲೆಗಳಲ್ಲಿ ಜೊತೆಯವು ಮೂರು. ಅವು ಕೂರಬಹುದಾದ ಸ್ಥಾನಗಳ ರೀತಿಗಳು ೨೦,೮೨೫. ಅವುಗಳಲ್ಲಿ ೧೦,೭೨೫ ಸಂದರ್ಭಗಳಲ್ಲಿ ಮೊದಲು ಎಲೆ ಬೀಳುವ ಕಡೆಗೇ ಗೆಲುವು. ಎಂದರೆ ನೂರಕ್ಕೆ ೫೧.೫. ಎರಡು ಕಡೆಗೂ ಸಮವಾಗಿ ಹಣ ಕೊಡುವ ಕಟ್ಟೆಯಲ್ಲಿ ಮೊದಲ ಕಡೆಗೇ ಹಾಕುವವನಿಗೆ ನೂರಕ್ಕೆ ಮೂರು ರೂಪಾಯಿಯ ಅನುಕೂಲವುಂಟು. ಇನ್ನೊಂದು ಕಡೆಯವನಿಗೆ ಅಷ್ಟೇ ನಷ್ಟ. ಕ್ಯಾಸಿನೊಗಳವರು ಇದನ್ನು ಬಲ್ಲರು. ಮೊದಲ ಕಡೆಯ ಗೆಲುವಿಗೆ ನೂರಕ್ಕೆ ೯೦ನ್ನೇ ಕೊಡುವ ಪದ್ಧತಿ ಅದರಿಂದ ಬಂದುದು.

ಈ ತೋಪಿನ ಆಟಗಳಲ್ಲಿ ಮೋಸಹೋದ ಪರಸ್ಥಳದವನ ಗತಿಯೇನು? ೧೯೬೩ರ ಪೊಲೀಸು ಕಾಯಿದೆಯು ಜೂಜುಕಟ್ಟೆಯನ್ನು ನಡೆಯಿಸುವವನನ್ನು ೭೯ನೆಯ ಕಲಮಿನಲ್ಲಿಯೂ, ಅಲ್ಲಿ ಆಡುತ್ತ ಸಿಕ್ಕಿದವನನ್ನು ೮೦ನೆಯ ಕಲಮಿನಲ್ಲಿಯೂ ದಂಡನೆಗೆ ಗುರಿಮಾಡುತ್ತದೆ. ಕೇವಲ ಕೌಶಲದ ಆಟಗಳಿಗೆ ವಿನಾಯಿತಿಯುಂಟು. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ೧೯೬೭ರಲ್ಲಿ ಹೇಳಿತು. ಒಳಗೆ ಹೊರಗೆಗೆ ಆ ರಕ್ಷೆಯಿಲ್ಲ. ಎಲೆಗೆ ಗುರುತು ಹಾಕಿದ್ದರೆಂದು ದೂರುಕೊಡಲು ಹೋದವನು ತಾನು ಆಡಿದೆನೆಂದು ಮೊದಲು ಒಪ್ಪಿಕೊಳ್ಳಬೇಕು. ಕೌಟಿಲ್ಯನು ಶಂಕಿಸಿದ್ದುದು ಸರಿಯಾಗಿ ಇದನ್ನೇ. ಮನೆಯ ಒಡವೆ ಹೋದರೂ ಮಾತು ಹೊರಗೆ ಬಾರದಿರುವುದಕ್ಕೆ ಇದೂ ಒಂದು ಕಾರಣವೆನ್ನಬೇಕು.

ಸಮುದ್ರದಾಚೆಯ ದೇಶಗಳಲ್ಲಿ ಇಪ್ಪತ್ತೊಂದರ ಆಟವು ಇದೇ ಬಗೆಯ ಚರಿತ್ರೆಯುಳ್ಳದ್ದು. ಅದರ ಹಳೆಯ ಉಲ್ಲೇಖಗಳಲ್ಲೊಂದು ಸ್ಪೇನಿನ ಸರ್ವಾಂಟಿಸನು ೧೬೧೩ರಲ್ಲಿ ಪ್ರಕಟಿಸಿದ ಕಥೆಯಲ್ಲಿದೆ. ದಾರಿಯ ಛತ್ರದಲ್ಲಿ ಇಬ್ಬರು ಪೋಲಿ ಹುಡುಗರು ಆಡುತ್ತಿರಲು, ಹೇಸರಗತ್ತೆಗಳನ್ನು ಹೊಡೆಯುವವನೊಬ್ಬನು ತಾನೂ ಸೇರುತ್ತೇನೆಂದು ಕುಳಿತು ಅರ್ಧ ಗಂಟೆಯೊಳಗೆ ೧೨ ರಿಯಾಲುಗಳನ್ನು ಕಳೆದುಕೊಳ್ಳುವನು. ಎಲೆಗಳ ಬೆಲೆಯನ್ನು ಕೂಡಿಸಿ ೨೧ನ್ನು ಮೀರದೆ ಅದರ ಸಮೀಪಕ್ಕೆ ಹೋಗುವುದೇ ಆಟ; ಈಗ ಅದರ ಹೆಸರು ಬ್ಲ್ಯಾಕ್‌ಜ್ಯಾಕ್. ಅಮೆರಿಕದ ನೆವಾಡಾ ಸಂಸ್ಥಾನವು ೧೯೩೧ರಲ್ಲಿ ಜೂಜನ್ನು ನ್ಯಾಯಸಮ್ಮತಗೊಳಿಸಿದ ಬಳಿಕ ಅದು ಕ್ಯಾಸಿನೊಗಳ ಮುಖ್ಯ ಆಟಗಳಲ್ಲೊಂದಾಯಿತು. ೧೯೬೨ರಲ್ಲಿ ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞನು, ಬಿದ್ದುಹೋದ ಎಲೆಗಳನ್ನು ನೆನಪಿನಲ್ಲಿ ಎಣಿಸುತ್ತ ಹೋದರೆ ಕೆಲವು ಸಮಯದಲ್ಲಿ ಆಟಗಾರನ ಕೈಯೇ ಮೇಲಾಗುವುದೆಂದು ಪುಸ್ತಕವನ್ನು ಬರೆದು ಸಾಧಿಸಿದನು. ಋತುಪರ್ಣನ ತಾರೆಮರದ ವಿದ್ಯೆಗೂ ಇದಕ್ಕೂ ಕುಲವೊಂದೇ.

ಅಂದಿನಿಂದ ಆ ದೇಶದ ಪ್ರಯಾಣಿಕರಲ್ಲಿ ಹೊಸ ಊರಿಗೆ ಹೋದೊಡನೆ ಯಾವ ಕಟ್ಟೆಯ ಕಟ್ಟಳೆ ಲೇಸೆಂದು ಹುಡುಕುವುದೇ ಒಂದು ಕಸಬಾಯಿತು. ಮೊದಲೆರಡು ಎಲೆಗಳಲ್ಲಿಯೇ ೨೧ ಬಂದರೆ ಎರಡಕ್ಕೆ ಮೂರರಂತೆ ಕೊಡುವುದು ಹಳೆಯ ಪದ್ಧತಿ. ಐದಕ್ಕೆ ಆರರಂತೆ ಕೊಡುವುದು ಈಚಿನ ಜಿಪುಣತನ. ಅಂತಹ ಕೈ ಬರುವುದು ನೂರರಲ್ಲಿ ಐದು ಸಲಕ್ಕಿಂತ ತುಸು ಕಡಿಮೆಯಾದುದರಿಂದ ವ್ಯತ್ಯಾಸವು ಅಲ್ಪವೆಂದು ತೋರುವುದು; ಆದರೆ ಹೂಡಿದ ಪ್ರತಿ ನೂರಕ್ಕೂ ಒಂದೂಕಾಲಕ್ಕೆ ಮೇಲ್ಪಟ್ಟು ಅದರಿಂದ ಸೋರಿಹೋಗುತ್ತದೆ. ಒಳ್ಳೆಯ ಕಟ್ಟಳೆಯಲ್ಲಿ ತಿಳಿದು ಆಡುವವನ ಒಟ್ಟು ನಷ್ಟವೇ ನೂರಕ್ಕೆ ಅರ್ಧದಷ್ಟಾದುದರಿಂದ ಇದು ಅದರ ಎರಡು ಪಾಲಿಗೂ ಹೆಚ್ಚು. ಕಲ್ಯಾಣದ ದರದೊಡನೆ ಹೋಲಿಸುವುದೂ ಉಚಿತ. ಸಮಬಲದ ಆಟದಲ್ಲಿ ಪ್ರತಿ ಗೆಲುವಿನಿಂದ ಶೇಕಡಾ ಐದನ್ನು ಕಡಿದರೆ ಹೂಡಿದ ನೂರಕ್ಕೆ ಸರಾಸರಿ ಎರಡೂವರೆ ನಷ್ಟ, ಹತ್ತನ್ನು ಕಡಿದರೆ ಐದು. ಯೂರೋಪಿನ ರೂಲೆಟ್ ಚಕ್ರದಲ್ಲಿ ಅದು ೨.೭, ಅಮೆರಿಕದ್ದರಲ್ಲಿ ೫.೨೬. ಸಾವಿರ ವರ್ಷಗಳ ಅಂತರದಲ್ಲಿ ಕಟ್ಟೆಯ ಯಜಮಾನರ ಹಸಿವು ಎಷ್ಟು ಸಮೀಪವಾಗಿದೆ! ಭೇದವೊಂದೇ: ಸಭಿಕನ ಪಾಲು ಬಾಯಲ್ಲಿ ಹೇಳಿದ ಸಂಖ್ಯೆ, ಕ್ಯಾಸಿನೊದ ಪಾಲು ಆಟದ ನಿಯಮದೊಳಗೆ ಅಡಗಿದ ಸಂಖ್ಯೆ.

ಕರ್ಣಾಟಕದಲ್ಲಿ ಕ್ಯಾಸಿನೊ ಇಲ್ಲ. ಚಿಕ್ಕಬಳ್ಳಾಪುರದ ಸುತ್ತಿನವರಿಗೆ ಅದರ ದರ್ಶನವಾಗಬೇಕಾದರೆ ಗೋವೆಗೆ ಹೋಗಬೇಕು. ಅಲ್ಲಿಯ ೧೯೭೬ರ ಜೂಜಿನ ಕಾಯಿದೆಗೆ ೧೯೯೨ರಲ್ಲಿ ತಂದ ತಿದ್ದುಪಡಿಯಿಂದ ದೊಡ್ಡ ಹೋಟಲುಗಳಲ್ಲಿ ಯಂತ್ರದ ಆಟಗಳಿಗೂ, ೧೯೯೬ರದರಿಂದ ಹಡಗುಗಳ ಮೇಲೆ ಮೇಜಿನ ಆಟಗಳಿಗೂ ಅನುಮತಿ ದೊರೆಯಿತು. ಪಣಜಿಯ ಮಾಂಡವಿಯಲ್ಲಿ ದೀಪಾಲಂಕಾರದಿಂದ ನಿಂತ ಹಡಗುಗಳು ಇದರ ಫಲ. ಅಲ್ಲಿ ಬ್ಲ್ಯಾಕ್‌ಜ್ಯಾಕ್ ಉಂಟು, ಅಂದರ್ ಬಾಹರ್ ಸಹ ಉಂಟು. ತೋಪಿನಲ್ಲಿ ಚಾಪೆಯ ಮೇಲಿದ್ದ ಆಟವು ಅಲ್ಲಿ ಹಸಿರು ಬಟ್ಟೆಯ ಮೇಜನ್ನೇರಿದೆ. ಎಲೆಗೆ ಗುರುತಿರುವ ಭಯ ಅಲ್ಲಿ ಕಡಿಮೆ.

ಆದರೆ ಅರಸನ ಪಾಲು ಬೆಳೆದಿದೆ. ೨೦೨೩ನೆಯ ಅಕ್ಟೋಬರ್ ೧ರಿಂದ ಕ್ಯಾಸಿನೊದಲ್ಲಿ ಆಟದ ಬಿಲ್ಲೆಗಳನ್ನು ಕೊಳ್ಳುವ ಹಣದ ಮೇಲೆಯೇ ಶೇಕಡಾ ೨೮ರ ತೆರಿಗೆಯನ್ನು ಕೇಂದ್ರವು ವಿಧಿಸಿತು. ೨೦೨೫ನೆಯ ಸೆಪ್ಟೆಂಬರ್ ೨೨ರಿಂದ ಅದು ೪೦ ಆಯಿತು. ಗೆದ್ದು ಮತ್ತೆ ಹೂಡಿದ ಹಣಕ್ಕೆ ಮರಳಿ ತೆರಿಗೆಯಿಲ್ಲವೆಂಬುದೊಂದು ಸಮಾಧಾನ. ನೂರಕ್ಕೆ ಅರ್ಧ ರೂಪಾಯಿಯಂತೆ ಸೋಲುವ ಜಾಣ ಆಟಗಾರನು ನಲವತ್ತು ರೂಪಾಯಿಗಳನ್ನು ಕಟ್ಟೆಗೆ ಸೋಲಬೇಕಾದರೆ ಎಂಟು ಸಾವಿರ ರೂಪಾಯಿಗಳ ಪಣಗಳನ್ನು ಹೂಡಬೇಕು. ತೆರಿಗೆಯಾದರೋ ನೂರು ರೂಪಾಯಿಯ ಬಿಲ್ಲೆಯನ್ನು ಕೈಗೆ ತೆಗೆದುಕೊಳ್ಳುವಾಗಲೇ ಅಷ್ಟನ್ನು ಕೊಂಡೊಯ್ಯುತ್ತದೆ. ಎರಡಕ್ಕೆ ಮೂರೋ ಐದಕ್ಕೆ ಆರೋ ಎಂದು ಮೇಜಿನಿಂದ ಮೇಜಿಗೆ ನೋಡುತ್ತ ತಿರುಗುವವನ ಲೆಕ್ಕವು ಹಡಗಿನ ಬಾಗಿಲಿನಲ್ಲಿಯೇ ಮುಗಿದಿರುತ್ತದೆ.