ಹುತ್ತದಿಂದೆದ್ದ ಕುರಿ, ಕಡತಕ್ಕೆ ಬಿದ್ದ ಕಥೆ

ಬೀದರ್ ಎಂದೊಡನೆ ಕೋಟೆ, ಗವಾನನ ಮದರಸಾ, ಅಷ್ಟೂರಿನ ಗುಮ್ಮಟ ಮಾತ್ರ ನೆನಪಾಗುತ್ತವೆ, ಹಾಡು, ಕಥೆಗಳಲ್ಲ. ಇದಕ್ಕೆ ಪುರಾತತ್ವಜ್ಞ ಗುಲಾಂ ಯಜ್ದಾನಿಯವರನ್ನು ದೂರುವಂತಿಲ್ಲ. 1947ರ ಅವರ ಗ್ರಂಥ ಕಲ್ಲಿನ ಕೆಲಸವನ್ನು ಕಲ್ಲಿನಷ್ಟೇ ಗಟ್ಟಿಯಾಗಿ ಮಾಡಿತು. ನಿಜಾಮ್ ಸೀಮೆಯ ಜಾತಿ, ಬುಡಕಟ್ಟುಗಳ ಬಗ್ಗೆ ಸಿರಾಜ್ ಉಲ್ ಹಸನ್ 1920ರಲ್ಲೇ ಬರೆದಿದ್ದರು. ಮುಂದೆ ಮಾನವಶಾಸ್ತ್ರಜ್ಞ ಹೈಮೆಂಡಾರ್ಫ್ ರಾಜಗೊಂಡರ ಪುರಾಣ ಹುಡುಕಿ ಹೋದದ್ದು ಆದಿಲಾಬಾದಿಗೆ. 1948ರಲ್ಲಿ ಪುಸ್ತಕವೂ ಬಂತು. ಅದೇ ಸಂಸ್ಥಾನದ ಬೀದರಿಗೆ ಆ ಭಾಗ್ಯ ಬರಲಿಲ್ಲ.

1956ರಲ್ಲಿ ಜಿಲ್ಲೆ ಒಡೆಯಿತು. ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ, ನಾರಾಯಣಖೇಡ ಆಂಧ್ರಕ್ಕೆ. ದೇವರ ಒಕ್ಕಲು ಮಾತ್ರ ಒಡೆಯಲಿಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಇಂದಿಗೂ ಮೂರು ಭಾಷೆಯವರು ಬಂದು ಅರಿಶಿನದ ಭಂಡಾರ ಎರಚುತ್ತಾರೆ, 'ಏಳುಕೋಟಿ' ಕೂಗುತ್ತಾರೆ. ಆ ಕ್ಷೇತ್ರಕ್ಕೆ 'ಆದಿ ಮೈಲಾರ' ಎಂಬ ಹೆಸರಿದೆ. ಹೆಸರೇ ಒಂದು ವಾದ, ಮೂಲ ಇದೇ ಎಂದು. ಮಣಿ, ಮಲ್ಲರೆಂಬ ದೈತ್ಯರನ್ನು ಕೊಂದ ಮಲ್ಲಣ್ಣನಿಗೆ ಇಬ್ಬರು ಹೆಂಡಿರು: ಒಬ್ಬಳು ವ್ಯಾಪಾರಿ ಮನೆತನದವಳು, ಇನ್ನೊಬ್ಬಳು ಕುರುಬರ ಮಗಳು. ಸವತಿಯರ ಜಗಳವೆಂದು ನಾವು ನಕ್ಕು ಬಿಟ್ಟ ಕಡೆ ಜರ್ಮನಿಯ ವಿದ್ವಾಂಸ ಸೊಂಥೈಮರ್ ಊರಿಗೂ ಅಡವಿಗೂ ಇರುವ ನಂಟನ್ನು ಕಂಡರು. ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ಎಂಬ ದೇವರುಗಳ ಮೇಲೆ ಅವರು ಬರೆದ 1976ರ ಗ್ರಂಥ ನಮ್ಮ ಕಣ್ಣು ತೆರೆಸಿತು. ತಡವಾಗಿ, ಇಂಗ್ಲಿಷಿಗೆ ಬಂದ ಮೇಲೆ.

ಆಮೇಲಿನದು ಕ್ಯಾಸೆಟ್ಟಿನ ಕಾಲ, ನನ್ನ ಓರಗೆಯವರ ಕಾಲ. ಹೊಗಳಿಕೊಂಡಂತಾದರೂ ಹೇಳುತ್ತೇನೆ, ಡೊಳ್ಳಿನ ಪದ ಧ್ವನಿಮುದ್ರಿಸಲು ರಾತ್ರಿಯಿಡೀ ಕಂಬಳಿ ಹೊದ್ದು ಕೂತವರು ನಾವು. ಕುರುಬರ ಹಾಲುಮತ ಪುರಾಣದಲ್ಲಿ ಆದಿಗೊಂಡನ ಕಿರಿಮಗ ಪದ್ಮಗೊಂಡ ನೇಗಿಲು ಹೂಡುತ್ತಾನೆ, ಗುಳ ತಾಗಿ ಹುತ್ತ ಒಡೆಯುತ್ತದೆ, ಕುರಿಗಳು ಹೊರಬೀಳುತ್ತವೆ. ಒಂದೇ ಕಥೆಯನ್ನು ಇಬ್ಬರು ಒಂದೇ ಥರ ಹಾಡಿದ್ದನ್ನು ನಾನು ಕೇಳಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಾಲುಮತ ಅಧ್ಯಯನ ಪೀಠ ಬಂದಮೇಲೆ ಈ ಕೆಲಸಕ್ಕೊಂದು ನೆಲೆ ಸಿಕ್ಕಿತು.

ಈಗಿನ ಚಾಳಿ ಬೇರೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಗೊಂಡ, ರಾಜಗೊಂಡ ಹೆಸರುಗಳಿವೆ. ಬೀದರ್, ಕಲಬುರಗಿ, ಯಾದಗಿರಿಯ ಕುರುಬರು ತಾವೂ ಗೊಂಡರೇ ಎನ್ನುತ್ತ ಬಂದಿದ್ದಾರೆ. ಆ ಬೇಡಿಕೆಯ ನ್ಯಾಯ ಬೇರೆಡೆ ತೀರ್ಮಾನವಾಗಲಿ. ಆದರೆ ಪದ್ಮಗೊಂಡನ ಹೆಸರಿನ 'ಗೊಂಡ' ಎಂಬ ಬಾಲ ಹಿಡಿದು ಒಬ್ಬರು ಸಾಕ್ಷಿ ಎನ್ನುತ್ತಾರೆ, ಇನ್ನೊಬ್ಬರು ಕಟ್ಟುಕಥೆ ಎನ್ನುತ್ತಾರೆ. ಹಾಡನ್ನು ಪೂರ್ತಿ ಕೇಳಿದವರು ಎರಡೂ ಕಡೆ ಕಡಿಮೆ.

ಕೇಳದೇ ಉಳಿದದ್ದು ಇನ್ನೂ ಇದೆ. ನಮಗೆ ಹಾಡಿದವರೆಲ್ಲ ಗಂಡಸರು, ಬೀಸುಕಲ್ಲಿನ ಮುಂದೆ ಮಲ್ಲಣ್ಣನ ಹೆಂಡಿರ ಪರ ವಹಿಸಿದ ಅವ್ವಂದಿರ ದನಿ ನಮ್ಮ ಕ್ಯಾಸೆಟ್ಟುಗಳಲ್ಲಿಲ್ಲ. ಲಂಬಾಣಿ ತಾಂಡಾಗಳ ಕಡೆ ಹೆಜ್ಜೆ ಹಾಕಿದವರು ಬೆರಳೆಣಿಕೆ. ಔರಾದದ್ದಂತೂ ನನ್ನದೇ ತಪ್ಪು. ಅಲ್ಲಿ ಮುದುಕನೊಬ್ಬ ಕನ್ನಡದಲ್ಲಿ ಎತ್ತಿಕೊಂಡ ಪದ ನಡುವೆ ಮರಾಠಿಗೆ ಹೊರಳಿತು. ರೀಲು ಉಳಿಸಲೆಂದು ನಾನು ಟೇಪು ನಿಲ್ಲಿಸಿದೆ. ಅವನು ಮಾತ್ರ ಬೆಳಗಾಗುವತನಕ ಹಾಡಿದ.