ಒಬ್ಬ ಹುಡುಗನ ಲೆಕ್ಕ: ಧಾರವಾಡದ 1856ರಿಂದ ನಮ್ಮ ಸಂಜೆ ಪಾಠದವರೆಗೆ



ಖಾಸಗಿ ಶಾಲೆ ಮುಚ್ಚಿದ್ರೆ ಅಲ್ಲಿ ಆರ್‌ಟಿಇ ಸೀಟಲ್ಲಿ ಓದ್ತಿದ್ದ ನಮ್ಮ ಮಕ್ಕಳ ಗತಿ ಏನು ಅಂತ ಹಲವು ಸಂಗಾತಿಗಳು ಕೇಳ್ತಾ ಇದ್ದಾರೆ. ಉತ್ತರ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1856ರ ಜೂನ್. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಮುಂಬೈ ಸರ್ಕಾರ ಕೊಟ್ಟ ಉತ್ತರದ ಸಾರ ಇಷ್ಟೇ: ನ್ಯಾಯ ಹುಡುಗನ ಕಡೆಗಿದೆ, ಆದರೆ ಒಬ್ಬನಿಗೋಸ್ಕರ ಉಳಿದವರೆಲ್ಲ ಶಾಲೆ ಬಿಟ್ಟು ಹೋದರೆ ಶಾಲೆಯೇ ನಿಷ್ಪ್ರಯೋಜಕ ಆಗುತ್ತದೆ. ನ್ಯಾಯ ಇದೆ ಅಂತ ಒಪ್ಪಿಕೊಂಡೇ ಬಾಗಿಲು ಹಾಕಿದರು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ಸೇರಿದ್ದು ಅಂತ ಬರೆದರು. ಕಾಗದದ ಮೇಲೆ ಬಾಗಿಲು ತೆರೀತು, ಊರಲ್ಲಿ ತೆರೀಲಿಲ್ಲ. 1928ರಲ್ಲಿ ಬಾಬಾಸಾಹೇಬರು ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಕೊಟ್ಟ ಹೇಳಿಕೆಯಲ್ಲಿ ಈ ಹುಡುಗನ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ.

ಸರ್ಕಾರದ ಬಾಗಿಲು ಮುಚ್ಚಿದ್ದಾಗ ಕಲಿಸಿದವರು ಯಾರು? ಫುಲೆ ದಂಪತಿ 1855ರಲ್ಲಿ ಪುಣೆಯಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆ ನಡೆಸಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದರು. 1920ರ ದಶಕದ ಕೊನೆಗೆ ಅದೇ ಧಾರವಾಡದಲ್ಲಿ ಬಾಬಾಸಾಹೇಬರು ನಮ್ಮ ಮಕ್ಕಳಿಗಾಗಿ ವಸತಿ ನಿಲಯ ಶುರು ಮಾಡಿದರು. ಇವೂ ಸರ್ಕಾರದ್ದಲ್ಲ, ಖಾಸಗಿಯೇ. ಆದರೆ ಫೀಸಿನ ಲೆಕ್ಕದ ಮೇಲೆ ನಿಂತಿರಲಿಲ್ಲ.

ಈಗ ನಮ್ಮ ಕಾಲಕ್ಕೆ ಬನ್ನಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯ್ತು. ಅನುದಾನ ಇಲ್ಲದ ಖಾಸಗಿ ಶಾಲೆಗಳು ಶೇ. 25 ಸೀಟು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು ಅಂದಿತು. ಶಾಲೆ ಮಾಲೀಕರು ಕೋರ್ಟಿಗೆ ಹೋದರು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿ ಹಿಡಿಯಿತು. ಕೂಲಿ ಮಾಡೋರ ಮಕ್ಕಳು ಟೈ ಕಟ್ಟಿಕೊಂಡು ಹೋಗೋದನ್ನ ನಮ್ಮ ಕೇರಿಗಳು ನೋಡಿದವು. 2019ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟಿಲ್ಲ. ಹೊಸ ಮಕ್ಕಳಿಗೆ ಬಾಗಿಲು ಬಹುತೇಕ ಮುಚ್ಚಿತು.

ಒಳಗೆ ಇದ್ದವರ ಕಥೆ? 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯ್ತು. ಫೀಸು ಬರಲಿಲ್ಲ ಅಂತ ಎಷ್ಟೋ ಸಣ್ಣ ಶಾಲೆಗಳು ಬಾಗಿಲು ಹಾಕಿದವು. ದುಡ್ಡಿದ್ದೋರು ಪಕ್ಕದ ಇನ್ನೊಂದು ಖಾಸಗಿ ಶಾಲೆಗೆ ಹೋದರು. ಆರ್‌ಟಿಇ ಮಕ್ಕಳಿಗೆ? ಕಾಯ್ದೆಯ 5ನೇ ಸೆಕ್ಷನ್ ಓದಿ. ವರ್ಗಾವಣೆಯ ಹಕ್ಕು ಅಲ್ಲಿದೆ, ಆದರೆ ಅನುದಾನ ಇಲ್ಲದ ಖಾಸಗಿ ಶಾಲೆಯನ್ನು ಹೊರಗಿಟ್ಟಿದೆ. ಅಂದ್ರೆ ಮಾಲೀಕ ಶಾಲೆ ಮುಚ್ಚಿದ ದಿನವೇ ಮಗುವಿನ ಸೀಟೂ ಹೋಯ್ತು. ಇಲಾಖೆ ದೊಡ್ಡ ಮನಸ್ಸು ಮಾಡಿದರೆ ಉಂಟು, ಹಕ್ಕು ಅಂತ ಕೇಳೋಕೆ ಆಗಲ್ಲ. ಮತ್ತೆ ಅದೇ 1856ರ ಲೆಕ್ಕ: ನ್ಯಾಯ ಇದೆ, ಆದರೆ ನಾಲ್ಕೈದು ಮಕ್ಕಳಿಗೋಸ್ಕರ ಯಾರು ತಲೆ ಕೆಡಿಸಿಕೊಳ್ತಾರೆ?

ನಮ್ಮ ಸಮುದಾಯ ಭವನದಲ್ಲಿ ಸಂಜೆ ಆರೂವರೆಗೆ, ನಾನು ಆಫೀಸು ಮುಗಿಸಿ ಬಂದ ಮೇಲೆ, ಪಾಠ ನಡೆಯುತ್ತೆ. ಡಿಗ್ರಿ ಓದೋ ಹುಡುಗ ಹುಡುಗಿಯರೇ ಮೇಷ್ಟ್ರುಗಳು. ಇಂಗ್ಲಿಷ್ ಮೀಡಿಯಂನಿಂದ ಕನ್ನಡ ಮಾಧ್ಯಮಕ್ಕೆ ಬಂದ ಮಗುವಿಗೆ ಗಣಿತ ಬರುತ್ತೆ, ಆದರೆ ‘ಭಿನ್ನರಾಶಿ’, ‘ಛೇದ’ ಅಂದ್ರೆ ಗೊತ್ತಾಗಲ್ಲ. ದಡ್ಡ ಅಂತ ಹಿಂದಿನ ಬೆಂಚಿಗೆ ತಳ್ತಾರೆ. ಅದಕ್ಕೆ ಮೊದಲ ಎರಡು ತಿಂಗಳು ನಾವು ಬರೀ ಪದಗಳನ್ನೇ ಕಲಿಸ್ತೀವಿ. ಅವನಿಗೆ ಗೊತ್ತಿರೋ ಲೆಕ್ಕವನ್ನೇ ಕನ್ನಡದಲ್ಲಿ ಹೇಳಿಸ್ತೀವಿ.

ಆದ್ರೆ ಒಂದು ಮಾತು. ನಮ್ಮ ಟ್ಯೂಷನ್ ಶಾಲೆಗೆ ಬದಲಿ ಆಗಬಾರದು. ‘ಹೇಗೂ ಭವನದಲ್ಲಿ ಪಾಠ ಆಗ್ತಿದೆಯಲ್ಲ’ ಅಂತ ಅಧಿಕಾರಿ ಕೈತೊಳೆದುಕೊಳ್ಳಬಾರದು. ಮಗು ಬಂದ ಮೊದಲ ವಾರವೇ ಟಿಸಿ, ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆ ಕೇಳಿ. ವರ್ಗಾವಣೆ ಕೇಳಿದ ಮಗುವಿಗೆ ಮುಖ್ಯೋಪಾಧ್ಯಾಯರು ತಕ್ಷಣ ಟಿಸಿ ಕೊಡಬೇಕು, ಟಿಸಿ ತಡವಾಯ್ತು ಅಂತ ಹೊಸ ಶಾಲೆ ದಾಖಲಾತಿ ನಿಲ್ಲಿಸೋ ಹಾಗಿಲ್ಲ. ಇದೂ ಅದೇ 5ನೇ ಸೆಕ್ಷನ್ನಲ್ಲಿದೆ. ಬಿಇಓ ಕಚೇರಿಗೆ ಅರ್ಜಿ ಬರೆದು ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ನಾನೂ ಗುಮಾಸ್ತನೇ, ಸೀಲು ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕು ಅನ್ನೋ ಭಯ ಏನು ಅಂತ ಗೊತ್ತು.

ಧಾರವಾಡದ ಆ ಹುಡುಗ ಒಬ್ಬನೇ ಅರ್ಜಿ ಹಿಡಿದು ನಿಂತಿದ್ದ, ಅದಕ್ಕೇ ‘ಒಬ್ಬನಿಗೋಸ್ಕರ’ ಅನ್ನೋಕೆ ಅವರಿಗೆ ಸುಲಭ ಆಯ್ತು. ನಮ್ಮ ಮಕ್ಕಳನ್ನ ಒಬ್ಬೊಬ್ಬರಾಗಿ ಕಳಿಸಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಮುಚ್ಚಿದ ಶಾಲೆಗಳ ಮಕ್ಕಳ ಪಟ್ಟಿ ಮಾಡಿ, ಒಟ್ಟಿಗೆ ಹೋಗಿ.

ಜೈಭೀಮ್.